ಅಜ್ಜಿಯ ಶಾಲೆಯಿಂದ ಮೈಕ್ರೋವೇವ್ ಪ್ರಯೋಗಾಲಯದವರೆಗೆ: ಡಾ. ರಾಜೇಶ್ವರಿ ಚಟರ್ಜಿ

ನಮ್ಮ ಗೆಂಡೆಹಳ್ಳಿ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ, ನೀವು ಓದಿದ ವಿಷಯಕ್ಕೆ ಸಂಬಂಧಿಸಿದ ಒಬ್ಬ ಹಿರಿಯರ ಬಗ್ಗೆ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ನಾನೀಗ ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಆದರೆ ಬಿ.ಇ.ಯಲ್ಲಿ ಓದಿದ್ದು ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್. ಸಾಫ್ಟ್‌ವೇರ್ ಕಂಪನಿ ಕಟ್ಟಿದವರ ಹೆಸರು ಊರಿನ ಎಲ್ಲರಿಗೂ ಗೊತ್ತಿದೆ. ಅವರ ಬಗ್ಗೆ ಮತ್ತೆ ಬರೆಯುವ ಬದಲು, ಕಣ್ಣಿಗೆ ಕಾಣದ, ಕಿವಿಗೆ ಕೇಳದ, ಬಹಳ ಕ್ಷೀಣವಾದ ಅಲೆಗಳನ್ನು ಅಳೆಯುವುದನ್ನೇ ಬದುಕಿನ ಕೆಲಸ ಮಾಡಿಕೊಂಡಿದ್ದ ನಮ್ಮ ರಾಜ್ಯದ ಹೆಣ್ಣುಮಗಳೊಬ್ಬರ ಬಗ್ಗೆ ಬರೆಯೋಣ ಎನ್ನಿಸಿತು. ಅವರು ಡಾ. ರಾಜೇಶ್ವರಿ ಚಟರ್ಜಿ. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ, ತಮ್ಮ ತಮ್ಮ ಕ್ಷೇತ್ರದಲ್ಲಿ ಮೊದಲಿಗರಾದ ದೇಶದ ಮಹಿಳೆಯರ ಪಟ್ಟಿಯಲ್ಲಿ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವೂ ಅವರ ಹೆಸರನ್ನು ಸೇರಿಸಿತು.

ಹಾಸನ ಜಿಲ್ಲೆಯವರಾದ ನಮಗೆ ಈ ವಿಷಯ ದೂರದ್ದೇನೂ ಅಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದವರ ಮುಖ್ಯ ನಿಯಂತ್ರಣ ಕೇಂದ್ರವಿದೆ. ಅಲ್ಲಿನ ದೊಡ್ಡ ತಟ್ಟೆಯಾಕಾರದ ಆಂಟೆನಾಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳಿಂದ ಬರುವ ಮೈಕ್ರೋವೇವ್ ಅಲೆಗಳನ್ನು ಹಿಡಿಯುತ್ತವೆ. ಅಷ್ಟು ಎತ್ತರದಿಂದ ಒಂದು ವಾಟ್ ಶಕ್ತಿಯನ್ನು ಎಲ್ಲ ದಿಕ್ಕಿಗೂ ಸಮವಾಗಿ ಹರಡಿದರೆ, ಇಲ್ಲಿ ನೆಲದ ಮೇಲೆ ಒಂದು ಚದರ ಮೀಟರ್ ಜಾಗಕ್ಕೆ ಸಿಗುವುದು ಆ ಒಂದು ವಾಟನ್ನು ಹದಿನಾರು ಸಾವಿರ ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಉಪಗ್ರಹದ ಆಂಟೆನಾ ಶಕ್ತಿಯನ್ನೆಲ್ಲ ಭೂಮಿಯ ಕಡೆಗೇ ತಿರುಗಿಸುವುದರಿಂದ ಪರಿಸ್ಥಿತಿ ಸ್ವಲ್ಪ ಸುಧಾರಿಸುತ್ತದೆ. ಹಾಗಿದ್ದರೂ ನಮ್ಮ ಮನೆಯ ಮಾಳಿಗೆಯ ಮೇಲಿನ ಡಿಶ್‌ಗೆ ಬಂದು ಬೀಳುವ ಶಕ್ತಿ ಊಹೆಗೆ ನಿಲುಕದಷ್ಟು ಅಲ್ಪ. ಅಷ್ಟು ಅಲ್ಪವಾದದ್ದನ್ನು ಹಿಡಿದು, ಅಳೆದು, ಅದರಿಂದ ಚಿತ್ರ ಮೂಡಿಸುವ ವಿದ್ಯೆಗೆ ಮೈಕ್ರೋವೇವ್ ಎಂಜಿನಿಯರಿಂಗ್ ಎನ್ನುತ್ತಾರೆ. ಆ ವಿದ್ಯೆಯನ್ನು ನಮ್ಮ ದೇಶದಲ್ಲಿ ಮೊದಮೊದಲು ಕಲಿಸಿದವರಲ್ಲಿ ರಾಜೇಶ್ವರಿಯವರು ಒಬ್ಬರು.

ಮನೆತನ ಮತ್ತು ಓದು

ರಾಜೇಶ್ವರಿಯವರು ಹುಟ್ಟಿದ್ದು 1922ರ ಜನವರಿ 24ರಂದು. ತಂದೆ ಬಿ. ಎಂ. ಶಿವರಾಮಯ್ಯನವರು ನಂಜನಗೂಡಿನಲ್ಲಿ ವಕೀಲರಾಗಿದ್ದರು. ಆದರೆ ಅವರ ಓದಿನ ಕಥೆ ಆರಂಭವಾಗುವುದು ಅಜ್ಜಿಯಿಂದ. ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದಲ್ಲಿ ಪದವಿ ಪಡೆದ ಮೊದಲ ಕೆಲವೇ ಮಹಿಳೆಯರಲ್ಲಿ ಒಬ್ಬರು. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ, ಅದರಲ್ಲೂ ಗಂಡನನ್ನು ಕಳೆದುಕೊಂಡವರು ಮತ್ತು ಗಂಡ ಬಿಟ್ಟವರು ಓದಿ ತಮ್ಮ ಕಾಲ ಮೇಲೆ ನಿಲ್ಲಲಿ ಎಂದು ದುಡಿದವರು. ಅವರೇ ಸ್ಥಾಪಿಸಿದ ಶಾಲೆಯಲ್ಲಿ ಮೊಮ್ಮಗಳು ಅಕ್ಷರ ಕಲಿತಳು.

ಆ ಕಾಲವನ್ನು ನಾವು ಒಮ್ಮೆ ನೆನೆಯಬೇಕು. ಹೆಣ್ಣುಮಗು ಋತುಮತಿಯಾಗುವ ಮೊದಲೇ ಮದುವೆ ಮಾಡುವ ಮನೆಗಳು ಇನ್ನೂ ಬೇಕಾದಷ್ಟಿದ್ದವು. ಹುಡುಗಿ ಕಾಲೇಜಿಗೆ ಹೋಗುತ್ತಾಳೆಂದರೆ ಊರೆಲ್ಲ ಮಾತಾಡುತ್ತಿತ್ತು. ಅಂಥ ಕಾಲದಲ್ಲಿ ಮನೆಯ ಹಿರಿಯ ಹೆಂಗಸೇ ಪದವೀಧರೆ, ಶಾಲೆ ಕಟ್ಟಿದವಳು ಎಂದಾಗ ಮೊಮ್ಮಗಳನ್ನು ಓದಿಸಬೇಕೋ ಬೇಡವೋ ಎಂಬ ಪ್ರಶ್ನೆಗೆ ಆ ಮನೆಯಲ್ಲಿ ಜಾಗವೇ ಇರುವುದಿಲ್ಲ. ಎಷ್ಟು ಓದಬೇಕು, ಯಾವುದನ್ನು ಓದಬೇಕು ಎಂಬುದಷ್ಟೇ ಪ್ರಶ್ನೆ. ಶಾಲೆ ಮುಗಿದಾಗ ಅವರಿಗೆ ಇತಿಹಾಸ ಓದುವ ಆಸೆ ಇತ್ತು. ಕೊನೆಗೆ ಆರಿಸಿಕೊಂಡದ್ದು ವಿಜ್ಞಾನ ಮತ್ತು ಗಣಿತ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಆನರ್ಸ್, ಆಮೇಲೆ ಎಂ.ಎಸ್ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೊದಲ ಸ್ಥಾನ. ಮುಮ್ಮಡಿ ಕೃಷ್ಣರಾಜ ಒಡೆಯರ್ ಹೆಸರಿನ ಬಹುಮಾನ, ಎಂ. ಟಿ. ನಾರಾಯಣ ಅಯ್ಯಂಗಾರ್ ಬಹುಮಾನ, ವಾಲ್ಟರ್ಸ್ ಸ್ಮಾರಕ ಬಹುಮಾನಗಳು ಅವರಿಗೆ ಬಂದವು. 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಮ್ಮ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಗೆ, ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಸೇರಿದ್ದು ವಿದ್ಯುತ್ ತಾಂತ್ರಿಕ ವಿಭಾಗಕ್ಕೆ, ವಿಷಯ ಸಂಪರ್ಕ ತಂತ್ರಜ್ಞಾನ.

ಇದಕ್ಕೆ ಹತ್ತು ವರ್ಷ ಹಿಂದೆ, 1933ರಲ್ಲಿ, ಕಮಲಾ ಭಾಗವತ್ ಎಂಬ ಯುವತಿ ಅದೇ ಸಂಸ್ಥೆಗೆ ಸೇರಲು ಬಂದಾಗ, ಹೆಣ್ಣೆಂಬ ಕಾರಣಕ್ಕೆ ಮೊದಲು ಬಾಗಿಲು ತೆರೆದಿರಲಿಲ್ಲ. ಆಕೆ ಹಟ ಹಿಡಿದ ಮೇಲೆ ಷರತ್ತಿನ ಮೇಲೆ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಜೀವರಸಾಯನ ವಿಜ್ಞಾನಿ ಇವರೇ. ಆ ಬಾಗಿಲು ಹೀಗೆ ಒಬ್ಬೊಬ್ಬರಾಗಿ ತಳ್ಳಿದ್ದರಿಂದಲೇ ತೆರೆಯಿತು. ರಾಜೇಶ್ವರಿಯವರು ಒಳಗೆ ಹೋದಾಗಲೂ ಎಂಜಿನಿಯರಿಂಗ್ ಕಡೆ ಹೆಣ್ಣುಮಕ್ಕಳು ಕಾಣುವುದೇ ಅಪರೂಪವಾಗಿತ್ತು.

ಅಮೆರಿಕ, ಮತ್ತು ಅಳತೆಯ ಪಾಠ

ಎರಡನೆಯ ಮಹಾಯುದ್ಧ ಮುಗಿದಿತ್ತು. ಯುದ್ಧದಲ್ಲಿ ರೇಡಾರ್‌ಗಾಗಿ ಬೆಳೆದ ಮೈಕ್ರೋವೇವ್ ವಿದ್ಯೆ ಈಗ ವಿಶ್ವವಿದ್ಯಾನಿಲಯಗಳಿಗೆ ಬರುತ್ತಿತ್ತು. ಬ್ರಿಟಿಷರಿಂದ ಅಧಿಕಾರ ಪಡೆಯಲು ದೆಹಲಿಯಲ್ಲಿ ರಚನೆಯಾದ ಮಧ್ಯಂತರ ಸರ್ಕಾರ, ಜಾಣ ಯುವ ವಿಜ್ಞಾನಿಗಳನ್ನು ಆರಿಸಿ ಹೊರದೇಶಕ್ಕೆ ಕಳಿಸಲು ವಿದ್ಯಾರ್ಥಿವೇತನ ಕೊಟ್ಟಿತು. 1946ರಲ್ಲಿ ಎಲೆಕ್ಟ್ರಾನಿಕ್ಸ್ ವಿಷಯದಲ್ಲಿ ರಾಜೇಶ್ವರಿಯವರು ಆಯ್ಕೆಯಾದರು. ಮರುವರ್ಷ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ, ಮದುವೆಯಾಗದ ಇಪ್ಪತ್ತೈದರ ಹೆಣ್ಣುಮಗಳು ಒಬ್ಬಳೇ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೊರಟಳು. ಅಲ್ಲಿ ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಮೀಸಲಾದ ಬಾರ್ಬರ್ ವಿದ್ಯಾರ್ಥಿವೇತನವೂ ಸಿಕ್ಕಿತು. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರು ಹಿಂದೆ ಓದಿದ್ದೂ ಇದೇ ವಿದ್ಯಾರ್ಥಿವೇತನದಿಂದ.

ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಮಾಸ್ಟರ್ಸ್ ಪದವಿ ಮುಗಿಯಿತು. ಸರ್ಕಾರದ ಕರಾರಿನಂತೆ ಎಂಟು ತಿಂಗಳು ಪ್ರಾಯೋಗಿಕ ತರಬೇತಿ ಪಡೆಯಬೇಕಿತ್ತು. ಅದಕ್ಕೆ ಅವರು ಹೋದದ್ದು ವಾಷಿಂಗ್ಟನ್‌ನಲ್ಲಿದ್ದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸಂಸ್ಥೆಗೆ, ಅಲ್ಲಿನ ರೇಡಿಯೋ ಅಳತೆಗಳ ವಿಭಾಗಕ್ಕೆ.

ಈ ಸಂಸ್ಥೆ ಏನು ಮಾಡುತ್ತದೆಂದು ನಮ್ಮೂರಿನ ಮಾತಿನಲ್ಲಿ ಹೇಳುತ್ತೇನೆ. ಸಂತೆಯಲ್ಲಿ ಮೆಣಸು ತೂಗುವ ವ್ಯಾಪಾರಿಯ ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಇರಬೇಕು. ಆ ಮುದ್ರೆ ಹಾಕುವ ಇಲಾಖೆಯವರ ಹತ್ತಿರ ಅದಕ್ಕಿಂತ ನಿಖರವಾದ ಕಲ್ಲು ಇರಬೇಕು. ಅದನ್ನು ಪರೀಕ್ಷಿಸಲು ಮತ್ತೂ ನಿಖರವಾದದ್ದು ಬೇಕು. ಹೀಗೆ ಮೇಲೆ ಹೋಗುತ್ತಾ ಹೋದರೆ ಕೊನೆಗೆ ಇಡೀ ದೇಶದ ತಾಯಿ ಕಲ್ಲು ಇರುವ ಒಂದು ಮನೆ ಸಿಗುತ್ತದೆ. ಆ ಸಂಸ್ಥೆ ಅಮೆರಿಕಕ್ಕೆ ಅಂಥ ಮನೆ. ತೂಕ, ಉದ್ದಗಳಷ್ಟೇ ಅಲ್ಲ, ರೇಡಿಯೋ ಅಲೆಯ ಒಂದು ವಾಟ್ ಎಂದರೆ ಎಷ್ಟು, ಒಂದು ವಾಟಿನ ಲಕ್ಷದ ಒಂದು ಪಾಲು ಎಂದರೆ ಎಷ್ಟು ಎಂಬುದನ್ನೂ ಅಲ್ಲಿ ನಿಶ್ಚಯಿಸುತ್ತಾರೆ.

ಇದು ಸುಲಭವಲ್ಲ. ಮೈಕ್ರೋವೇವ್ ಎಂದರೆ ಸೆಕೆಂಡಿಗೆ ನೂರಾರು ಕೋಟಿ ಸಲ ಕಂಪಿಸುವ ಅಲೆ. ನಮ್ಮ ಶಾಲೆಯ ಪ್ರಯೋಗಾಲಯದ ವೋಲ್ಟ್‌ಮೀಟರಿನ ಮುಳ್ಳು ಅದಕ್ಕೆ ಅಲುಗುವುದೂ ಇಲ್ಲ. ಹಾಗಾದರೆ ಹೇಗೆ ಅಳೆಯುತ್ತಾರೆ? ಒಂದು ಉಪಾಯವೆಂದರೆ ಶಾಖ. ಕೂದಲಿಗಿಂತ ಎಷ್ಟೋ ತೆಳ್ಳಗಿನ ಒಂದು ತಂತಿಯ ಮೇಲೆ ಅಲೆಯನ್ನು ಬಿಡುತ್ತಾರೆ. ತಂತಿ ಒಂದಿಷ್ಟು ಬಿಸಿಯಾಗುತ್ತದೆ. ಬಿಸಿಯಾದಾಗ ಅದರ ವಿದ್ಯುತ್ ರೋಧ ಬದಲಾಗುತ್ತದೆ. ಪಿ.ಯು.ಸಿ.ಯಲ್ಲಿ ಓದುವ ವೀಟ್‌ಸ್ಟೋನ್ ಸೇತುವೆಯಲ್ಲಿ ಆ ಬದಲಾವಣೆ ಕಾಣುತ್ತದೆ. ಈಗ ಮೈಕ್ರೋವೇವನ್ನು ನಿಲ್ಲಿಸಿ, ಅಷ್ಟೇ ಬಿಸಿಯಾಗುವವರೆಗೆ ಮಾಮೂಲು ಬ್ಯಾಟರಿಯ ವಿದ್ಯುತ್ತನ್ನು ಹಾಯಿಸುತ್ತಾರೆ. ಬ್ಯಾಟರಿಯ ವಿದ್ಯುತ್ತನ್ನು ಅಳೆಯುವುದು ನಮಗೆ ಗೊತ್ತು. ಮೈಕ್ರೋವೇವ್ ಎಷ್ಟಿತ್ತೆಂಬುದು ಅದರಿಂದ ಸಿಕ್ಕಿತು. ತಕ್ಕಡಿಯಲ್ಲಿ ಮೆಣಸಿನ ಚೀಲ ಇಳಿಸಿ, ಅದೇ ತಟ್ಟೆಗೆ ಮುದ್ರೆಯ ಕಲ್ಲುಗಳನ್ನು ಹಾಕಿ, ಮುಳ್ಳು ಅದೇ ಜಾಗಕ್ಕೆ ಬರುವಂತೆ ಮಾಡಿದ ಹಾಗೆ. ಗೊತ್ತಿಲ್ಲದ್ದನ್ನು ಗೊತ್ತಿರುವುದರ ಜೊತೆ ಹೋಲಿಸುವುದೇ ಅಳತೆ. ಎಷ್ಟು ದೊಡ್ಡ ಉಪಕರಣ ಬಂದರೂ ಈ ಸೂತ್ರ ಬದಲಾಗಿಲ್ಲ.

ತರಬೇತಿ ಮುಗಿದ ಮೇಲೆ 1949ರಲ್ಲಿ ರಾಜೇಶ್ವರಿಯವರು ಮತ್ತೆ ಮಿಷಿಗನ್‌ಗೆ ಹೋದರು. ಎಲೆಕ್ಟ್ರಾನ್ ಕೊಳವೆಗಳ ವಿಷಯದಲ್ಲಿ ದೊಡ್ಡ ಹೆಸರಾಗಿದ್ದ ಪ್ರೊ. ವಿಲಿಯಂ ಗೌಲ್ಡ್ ಡೌ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿ 1953ರ ಆರಂಭದಲ್ಲಿ ಪಿಎಚ್.ಡಿ. ಪಡೆದರು.

ಮರಳಿ ಬೆಂಗಳೂರಿಗೆ

ಆಗಿನ ಅಮೆರಿಕದಲ್ಲಿ ಮೈಕ್ರೋವೇವ್ ಓದಿದವರಿಗೆ ಕೆಲಸಕ್ಕೆ ಬರವಿರಲಿಲ್ಲ. ಅವರು ಮಾತ್ರ ಅದೇ ವರ್ಷ ಊರಿಗೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ವಿದ್ಯುತ್ಕಾಂತ ಸಿದ್ಧಾಂತ, ಎಲೆಕ್ಟ್ರಾನ್ ಕೊಳವೆಗಳ ಮಂಡಲಗಳು, ಮೈಕ್ರೋವೇವ್ ತಂತ್ರಜ್ಞಾನ, ರೇಡಿಯೋ ಎಂಜಿನಿಯರಿಂಗ್ ಇವು ಅವರು ಕಲಿಸಿದ ವಿಷಯಗಳು. ಅದೇ ವಿಭಾಗದ ಅಧ್ಯಾಪಕ ಶಿಶಿರ್ ಕುಮಾರ್ ಚಟರ್ಜಿಯವರನ್ನು ಅದೇ ವರ್ಷ ಮದುವೆಯಾದರು. ಕನ್ನಡದ ಹುಡುಗಿ, ಬಂಗಾಳದ ಹುಡುಗ. ಇಬ್ಬರೂ ಸೇರಿ ಮನೆಯ ಜೊತೆಗೆ ಒಂದು ಮೈಕ್ರೋವೇವ್ ಸಂಶೋಧನಾ ಪ್ರಯೋಗಾಲಯವನ್ನೂ ಕಟ್ಟಿದರು. ದೇಶದಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಸಂಶೋಧನೆ ಮೊದಲು ಕಾಲೂರಿದ ಜಾಗಗಳಲ್ಲಿ ಅದು ಮುಖ್ಯವಾದದ್ದು.

ಇಂಥ ಪ್ರಯೋಗಾಲಯದಲ್ಲಿ ಏನು ನಡೆಯುತ್ತದೆಂದು ಹೇಳದಿದ್ದರೆ ಅವರ ಕೆಲಸ ಅರ್ಥವಾಗುವುದಿಲ್ಲ. ಬಿ.ಇ. ಓದುವಾಗ ನಮಗೂ ಒಂದು ಮೈಕ್ರೋವೇವ್ ಲ್ಯಾಬ್ ಇತ್ತು. ಮೇಜಿನ ಮೇಲೆ ಚೌಕಾಕಾರದ ಹಿತ್ತಾಳೆ ಕೊಳವೆಗಳನ್ನು ಒಂದಕ್ಕೊಂದು ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಒಂದು ತುದಿಯಲ್ಲಿ ಕ್ಲೈಸ್ಟ್ರಾನ್ ಎಂಬ ಕೊಳವೆ ಅಲೆಗಳನ್ನು ಹುಟ್ಟಿಸುತ್ತದೆ. ಮೈಕ್ರೋವೇವ್ ಈ ಹಿತ್ತಾಳೆ ಕೊಳವೆಯೊಳಗೆ ನಾಲೆಯ ನೀರಿನಂತೆ ಹರಿಯುತ್ತದೆ. ಇನ್ನೊಂದು ತುದಿಯಲ್ಲಿ ಆಂಟೆನಾ. ಆಂಟೆನಾ ಸರಿಯಾಗಿ ಹೊಂದಿಕೆಯಾದರೆ ಅಲೆ ಪೂರ್ತಿ ಹೊರಗೆ ಹೋಗುತ್ತದೆ. ಹೊಂದಿಕೆಯಾಗದಿದ್ದರೆ ಒಂದು ಪಾಲು ಹಿಂದಕ್ಕೆ ಬರುತ್ತದೆ. ಕೆರೆ ಏರಿಗೆ ಬಡಿದು ಹಿಂದಿರುಗುವ ಅಲೆ, ಮುಂದೆ ಬರುವ ಅಲೆಗೆ ಸೇರಿ ಕೆಲವು ಕಡೆ ಉಬ್ಬು, ಕೆಲವು ಕಡೆ ತಗ್ಗು ನಿಂತಂತೆ ಕಾಣುತ್ತದಲ್ಲ, ಹಾಗೆಯೇ ಕೊಳವೆಯೊಳಗೂ ನಿಂತ ಅಲೆಗಳು ಹುಟ್ಟುತ್ತವೆ. ಕೊಳವೆಯ ಬೆನ್ನಿನ ಮೇಲೆ ಉದ್ದಕ್ಕೆ ಒಂದು ಸೀಳು ಇರುತ್ತದೆ. ಸೂಜಿಯಂಥ ಒಂದು ಕಡ್ಡಿಯನ್ನು ಅದರೊಳಗೆ ಇಳಿಬಿಟ್ಟು ನಿಧಾನವಾಗಿ ಸರಿಸುತ್ತಾ, ಉಬ್ಬು ಎಷ್ಟು, ತಗ್ಗು ಎಷ್ಟು, ಎರಡು ತಗ್ಗುಗಳ ನಡುವೆ ಎಷ್ಟು ಮಿಲಿಮೀಟರ್ ಎಂದು ಬರೆದುಕೊಳ್ಳಬೇಕು. ಕಡ್ಡಿ ಹೆಚ್ಚು ಒಳಗಿಳಿದರೆ ಅದೇ ಅಲೆಯನ್ನು ಕೆಡಿಸುತ್ತದೆ. ಕಡಿಮೆ ಇಳಿದರೆ ಮುಳ್ಳು ಅಲುಗುವುದಿಲ್ಲ. ಇದು ತಾಳ್ಮೆಯ ಕೆಲಸ, ಅವಸರದವರಿಗಲ್ಲ.

ಚಟರ್ಜಿ ದಂಪತಿಗಳು ಮತ್ತು ಅವರ ಶಿಷ್ಯರು ಇಂಥ ಸಾವಿರಾರು ಅಳತೆಗಳ ಮೇಲೆ ಆಂಟೆನಾ ವಿದ್ಯೆಯನ್ನು ಬೆಳೆಸಿದರು. ಲೋಹದ ಬದಲು ವಿದ್ಯುತ್ ನಿರೋಧಕ ವಸ್ತುವಿನ ಕಡ್ಡಿಗಳಿಂದ ಮಾಡಿದ ಆಂಟೆನಾಗಳು, ಮೈಮೇಲೆ ಅಲೆಯನ್ನು ಅಂಟಿಸಿಕೊಂಡು ಸಾಗಿಸುವ ತಂತಿಗಳು ಅವರು ಆಳವಾಗಿ ಅಭ್ಯಾಸ ಮಾಡಿದ ವಿಷಯಗಳು. ವಿಮಾನ ಮತ್ತು ಬಾಹ್ಯಾಕಾಶ ನೌಕೆಗಳ ಆಂಟೆನಾಗಳಿಗೆ ಅವರ ಕೆಲಸ ಉಪಯುಕ್ತವಾಯಿತು. ರಾಜೇಶ್ವರಿಯವರು ಮುಂದೆ ಪ್ರಾಧ್ಯಾಪಕರಾಗಿ, ವಿಭಾಗದ ಮುಖ್ಯಸ್ಥರೂ ಆದರು. ಇಪ್ಪತ್ತು ವಿದ್ಯಾರ್ಥಿಗಳು ಅವರ ಕೈಕೆಳಗೆ ಪಿಎಚ್.ಡಿ. ಪಡೆದರು. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನಗಳು, ಏಳು ಪುಸ್ತಕಗಳು ಅವರಿಂದ ಬಂದವು. ಮೈಕ್ರೋವೇವ್ ಎಂಜಿನಿಯರಿಂಗ್ ಮತ್ತು ಆಂಟೆನಾಗಳ ಬಗ್ಗೆ ಅವರು ಬರೆದ ಪುಸ್ತಕಗಳು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಠ್ಯಗಳಾದವು. ಬ್ರಿಟನ್ನಿನ ರೇಡಿಯೋ ಎಂಜಿನಿಯರುಗಳ ಸಂಸ್ಥೆಯ ಮೌಂಟ್‌ಬ್ಯಾಟನ್ ಬಹುಮಾನ, ನಮ್ಮ ಎಂಜಿನಿಯರುಗಳ ಸಂಸ್ಥೆಯ ಜೆ. ಸಿ. ಬೋಸ್ ಸ್ಮಾರಕ ಬಹುಮಾನ, ಸಂಶೋಧನೆ ಮತ್ತು ಬೋಧನೆಗಾಗಿ ರಾಮಲಾಲ್ ವಾಧ್ವಾ ಪ್ರಶಸ್ತಿ ಅವರಿಗೆ ಸಂದವು.

ಬೋಸ್ ಹೆಸರಿನ ಬಹುಮಾನ ಅವರಿಗೆ ಬಂದದ್ದು ಎಷ್ಟು ಸರಿ ಎನ್ನಿಸುತ್ತದೆ. ಜಗದೀಶ ಚಂದ್ರ ಬೋಸರು 1895ರಲ್ಲಿ ಕಲ್ಕತ್ತದಲ್ಲಿ ಮಿಲಿಮೀಟರ್ ಲೆಕ್ಕದ ಅತಿ ಚಿಕ್ಕ ಅಲೆಗಳನ್ನು ಹುಟ್ಟಿಸಿ ತೋರಿಸಿದ್ದರು. ಅದನ್ನು ಗ್ರಹಿಸಲು ಗೆಲೀನಾ ಎಂಬ ಸೀಸದ ಅದಿರಿನ ಹರಳನ್ನು ಬಳಸುವ ಅವರ ಉಪಕರಣಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಆದರೆ ಅವರು ಆ ಕ್ಷೇತ್ರ ಬಿಟ್ಟು ಗಿಡಮರಗಳ ಅಧ್ಯಯನಕ್ಕೆ ಹೋದ ಮೇಲೆ ನಮ್ಮಲ್ಲಿ ಮೈಕ್ರೋವೇವ್ ಕೆಲಸ ಬಹುಕಾಲ ಮುಂದುವರಿಯಲಿಲ್ಲ. ಒಬ್ಬ ಮಹಾವಿಜ್ಞಾನಿ ದಾರಿ ತೋರಿಸಿದರಷ್ಟೇ ಸಾಲದು, ಆ ದಾರಿಯಲ್ಲಿ ನಡೆಯುವವರನ್ನು ತಯಾರು ಮಾಡುವ ಮೇಷ್ಟ್ರುಗಳೂ ಬೇಕು. ರಾಜೇಶ್ವರಿಯವರ ದೊಡ್ಡ ಕೊಡುಗೆ ಅದು.

ಕ್ಷೀಣವಾದದ್ದನ್ನು ಅಳೆಯುವುದೇಕೆ

ಇಷ್ಟು ಸಣ್ಣದನ್ನು ಅಳೆದು ಏನಾಗಬೇಕು ಎಂದು ಯಾರಾದರೂ ಕೇಳಬಹುದು. ಬಿಸಿ ಇರುವ ಪ್ರತಿಯೊಂದು ವಸ್ತುವೂ ಮೈಕ್ರೋವೇವನ್ನು ಸೂಸುತ್ತದೆ. ನೆಲ, ಮರ, ದನಕರು, ನಾವು, ನೀವು ಎಲ್ಲರೂ. ಅಳೆಯುವ ಉಪಕರಣವೂ ತಾನೇ ಬಿಸಿಯಾಗಿರುವುದರಿಂದ ತನ್ನದೇ ಗೊಣಗಾಟವನ್ನು ಸೇರಿಸುತ್ತದೆ. ಮಾಮೂಲು ಹವೆಯ ಉಷ್ಣತೆಯಲ್ಲಿ, ಒಂದು ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ, ಈ ಗೊಣಗಾಟ ಒಂದು ವಾಟಿನ ಸಾವಿರ ಲಕ್ಷ ಕೋಟಿ ಪಾಲುಗಳಲ್ಲಿ ನಾಲ್ಕು ಪಾಲು. ಆಕಾಶದಿಂದ ಬರುವ ಸದ್ದು ಇದಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಜಾತ್ರೆಯ ಗದ್ದಲದಲ್ಲಿ ಮಗುವಿನ ಪಿಸುಮಾತು ಕೇಳಿಸಿಕೊಂಡಂತೆ.

ರಾಬರ್ಟ್ ಡಿಕಿ ಎಂಬ ಅಮೆರಿಕದ ವಿಜ್ಞಾನಿ 1946ರಲ್ಲಿ ಇದಕ್ಕೊಂದು ಉಪಾಯ ಪ್ರಕಟಿಸಿದರು. ಉಪಕರಣವನ್ನು ಸೆಕೆಂಡಿಗೆ ಹಲವು ಸಲ ಆಂಟೆನಾದಿಂದ ಬಿಡಿಸಿ, ಉಷ್ಣತೆ ಗೊತ್ತಿರುವ ಒಂದು ವಸ್ತುವಿಗೆ ಜೋಡಿಸಿ, ಮತ್ತೆ ಆಂಟೆನಾಕ್ಕೆ ಜೋಡಿಸುವುದು. ಉಪಕರಣದ ಸ್ವಂತ ಗೊಣಗಾಟ ಎರಡರಲ್ಲೂ ಒಂದೇ. ವ್ಯತ್ಯಾಸ ತೆಗೆದರೆ ಉಳಿಯುವುದು ಹೊರಗಿನಿಂದ ಬಂದದ್ದು. ಇಲ್ಲಿಯೂ ಅದೇ ತಕ್ಕಡಿಯ ನ್ಯಾಯ. 1964ರಲ್ಲಿ ಪೆಂಜಿಯಾಸ್ ಮತ್ತು ವಿಲ್ಸನ್ ಎಂಬ ಇಬ್ಬರು ಇಂಥದೇ ಹೋಲಿಕೆಯ ಕ್ರಮದಿಂದ ಅಳೆಯುತ್ತಿದ್ದಾಗ, ಯಾವ ಕಡೆ ತಿರುಗಿಸಿದರೂ ಬಿಡದ ಒಂದು ಸದ್ದು ಕಾಣಿಸಿತು. ಆಂಟೆನಾದಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ, ಹಿಕ್ಕೆ ತೊಳೆದರೂ ಹೋಗಲಿಲ್ಲ. ಕೊನೆಗೆ ಅದು ವಿಶ್ವ ಹುಟ್ಟಿದ ಕಾಲದ ಬಿಸಿ ಆರುತ್ತಾ ಉಳಿದ ಶೇಷ ಎಂದು ತಿಳಿಯಿತು. ಅದರ ಉಷ್ಣತೆ ಸೊನ್ನೆಗಿಂತ ಸುಮಾರು 270 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅವರಿಗೆ 1978ರಲ್ಲಿ ನೊಬೆಲ್ ಬಂತು. ಸಣ್ಣದೆಂದು ಕಡೆಗಣಿಸದೆ, ಅಳತೆಯಲ್ಲಿ ಸುಳ್ಳು ಬೆರೆಸದೆ ಕುಳಿತವರಿಗೆ ವಿಶ್ವದ ಜಾತಕವೇ ಸಿಕ್ಕಿತು.

ಕೊನೆಯ ವರ್ಷಗಳು

ರಾಜೇಶ್ವರಿಯವರು ನಿವೃತ್ತರಾದದ್ದು 1982ರಲ್ಲಿ. ನಿವೃತ್ತಿಯ ಮೇಲೆ ಅವರು ಅಜ್ಜಿಯ ದಾರಿ ಹಿಡಿದರು. ಭಾರತೀಯ ಮಹಿಳಾ ಅಧ್ಯಯನ ಸಂಘದ ಜೊತೆ ಸೇರಿ ಹೆಣ್ಣುಮಕ್ಕಳ ಸ್ಥಿತಿಗತಿಯ ಕೆಲಸದಲ್ಲಿ ತೊಡಗಿದರು. ಹಿಂದೆ ಬಿಟ್ಟಿದ್ದ ಇತಿಹಾಸದ ಆಸೆಯೂ ತೀರಿತೋ ಏನೋ, ತಮ್ಮ ಮನೆತನದ ಮತ್ತು ತಾವು ಕಂಡ ಜನರ ಬದುಕನ್ನು ಪುಸ್ತಕಗಳಲ್ಲಿ ಬರೆದರು. ಪತಿ 1994ರಲ್ಲಿ ತೀರಿಕೊಂಡರು. ಮಗಳು ಇಂದಿರಾ ಚಟರ್ಜಿಯವರು ಅಮೆರಿಕದ ನೆವಾಡಾ ವಿಶ್ವವಿದ್ಯಾನಿಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾದರು. 2010ರ ಸೆಪ್ಟೆಂಬರ್ 3ರಂದು ರಾಜೇಶ್ವರಿಯವರು ನಿಧನರಾದರು. ಆಗ ಅವರಿಗೆ 88 ವರ್ಷ.

ಈ ಬದುಕನ್ನು ಓದಿದಾಗ ನನಗೆ ಹೆಚ್ಚು ಕಾಡುವುದು ಅವರ ಪದವಿಗಳಲ್ಲ, ಅಜ್ಜಿಯ ಆ ಶಾಲೆ. ನಮ್ಮ ಊರಿನ ಕಡೆ ಎಸ್.ಎಸ್.ಎಲ್.ಸಿ. ಆದ ಮೇಲೆ ಹುಡುಗನನ್ನು ಹೇಗಾದರೂ ಮಾಡಿ ಹಾಸನಕ್ಕೋ ಬೆಂಗಳೂರಿಗೋ ಕಳಿಸುತ್ತಾರೆ. ಹುಡುಗಿಯ ವಿಷಯ ಬಂದಾಗ ಬಸ್ಸಿನ ಹೊತ್ತು, ಹಾಸ್ಟೆಲಿನ ಚಿಂತೆ, ಬಂದ ಸಂಬಂಧ ಎಲ್ಲವೂ ಅಡ್ಡ ಬರುತ್ತವೆ. ನನ್ನ ತರಗತಿಯಲ್ಲಿ ಗಣಿತದಲ್ಲಿ ನಮಗಿಂತ ಮುಂದಿದ್ದ ಹುಡುಗಿಯರಿದ್ದರು. ನಾವು ಬಿಡಿಸಲಾರದ ಲೆಕ್ಕವನ್ನು ಅವರು ಬೋರ್ಡಿನ ಮೇಲೆ ಬಿಡಿಸುತ್ತಿದ್ದರು. ಅವರಲ್ಲಿ ಎಲ್ಲರೂ ಮುಂದೆ ಓದಲಿಲ್ಲ. ಅದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ, ಓದಲಿ ಬಿಡಿ ಎಂದು ಗಟ್ಟಿಯಾಗಿ ಹೇಳುವ ಒಬ್ಬರು ಮನೆಯಲ್ಲಿ ಇರಲಿಲ್ಲ. ರಾಜೇಶ್ವರಿಯವರಿಗೆ ಅಂಥ ಒಬ್ಬರಿದ್ದರು. ಪ್ರತಿಭೆಯೂ ಕ್ಷೀಣವಾದ ಅಲೆಯ ಹಾಗೆ. ಅದು ಇಲ್ಲವೆಂದಲ್ಲ, ಗ್ರಹಿಸುವ ಉಪಕರಣ ಬೇಕು. ಹಳ್ಳಿಯಲ್ಲಿ ಆ ಉಪಕರಣವೆಂದರೆ ಸರ್ಕಾರಿ ಶಾಲೆ, ಮತ್ತು ಕೊನೆಯ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗುವನ್ನೂ ಗಮನಿಸುವ ಮೇಷ್ಟ್ರು, ಮೇಡಂ.

ಐವತ್ತು ವರ್ಷಗಳಿಂದ ಆ ಕೆಲಸ ಮಾಡುತ್ತಾ ಬಂದ ನಮ್ಮ ಶಾಲೆಯ ಎಲ್ಲ ಗುರುಗಳಿಗೆ ನನ್ನ ನಮಸ್ಕಾರಗಳು. ಊರಿನ ಹಿರಿಯರಲ್ಲಿ ಒಂದು ವಿನಂತಿ: ಈ ವರ್ಷ ಹತ್ತನೇ ತರಗತಿ ಮುಗಿಸುವ ಹೆಣ್ಣುಮಗು ನಿಮ್ಮ ಮನೆಯಲ್ಲಿದ್ದರೆ, ಅವಳು ಏನು ಓದಬೇಕೆಂದಿದ್ದಾಳೆ ಎಂದು ಒಮ್ಮೆ ಕೇಳಿ. ಫೀಸು, ಪುಸ್ತಕ, ಅರ್ಜಿ, ಹಾಸ್ಟೆಲ್ ಇಂಥ ವಿಷಯಗಳಲ್ಲಿ ನೆರವಾಗಲು ನಾವು ಹಳೆಯ ವಿದ್ಯಾರ್ಥಿಗಳು ಇದ್ದೇವೆ. ಸುವರ್ಣ ಮಹೋತ್ಸವ ಮುಗಿದ ಮೇಲೂ ಇರುತ್ತೇವೆ.